ಹಳೆ ಲ್ಯಾಪ್‌ಟಾಪ್‌ನ ಎಸ್‌ಎಸ್‌ಡಿಯನ್ನು ಇನ್ನೊಂದಕ್ಕೆ ಹಾಕೋದು: ಪದೇ ಪದೇ ಕೇಳುವ ಪ್ರಶ್ನೆಗಳು

ಲ್ಯಾಪ್‌ಟಾಪ್ ಮೂಲೆ ಸೇರಿದರೂ ಅದರೊಳಗಿನ ಎಸ್‌ಎಸ್‌ಡಿ (ಫೈಲ್‌ಗಳೆಲ್ಲ ಉಳಿಯುವ ಡ್ರೈವ್) ಎಷ್ಟೋ ಸಲ ಗಟ್ಟಿಮುಟ್ಟಾಗಿಯೇ ಇರುತ್ತದೆ. ಹಿಂಜ್ ಮುರಿದಿರುತ್ತದೆ, ಸ್ಕ್ರೀನ್ ಹೋಗಿರುತ್ತದೆ, ಕೀಬೋರ್ಡ್ ಮೇಲೆ ಯಾರೋ ನೀರು ಚೆಲ್ಲಿರುತ್ತಾರೆ. ಎಸ್‌ಎಸ್‌ಡಿಗೆ ಏನೂ ಆಗಿರುವುದಿಲ್ಲ. ತೆಗೆದು ಇನ್ನೊಂದಕ್ಕೆ ಹಾಕಿಕೊಳ್ಳೋಣ ಅನ್ನಿಸುವುದು ಸಹಜ. ನಂಟರಿಗೆ, ಗೆಳೆಯರಿಗೆ ಈ ಕೆಲಸ ಮಾಡಿಕೊಟ್ಟೂ ಕೊಟ್ಟೂ ಅವರು ಕೇಳುವ ಪ್ರಶ್ನೆಗಳು ನನಗೆ ಬಾಯಿಪಾಠ ಆಗಿಬಿಟ್ಟಿವೆ. ಅವನ್ನೇ ಇಲ್ಲಿ ಬರೆದಿದ್ದೇನೆ.

ಬಿಚ್ಚಿ ಹಾಕಿದರೆ ಮುಗೀತು, ಅಷ್ಟೇ ಅಲ್ವಾ?

ಬಿಚ್ಚಿ ಹಾಕೋದು ಹದಿನೈದು ನಿಮಿಷದ ಕೆಲಸ. ತಲೆನೋವೆಲ್ಲ ಇರೋದು ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವ ಮುಂಚೆ. ಡ್ರೈವ್ ಆ ಕಡೆ ಕೂರುತ್ತದಾ? ಅದಕ್ಕೆ ಬೀಗ ಹಾಕಿದೆಯಾ? ನಿಮಗೆ ಬೇಕಿರೋದು ಅದರಲ್ಲಿರುವ ಫೈಲ್‌ಗಳಾ, ಹಳೆ ವಿಂಡೋಸಾ, ಅಥವಾ ಬರೀ ಜಾಗವಾ? ಈ ಮೂರಕ್ಕೂ ಉತ್ತರ ಗೊತ್ತಿದ್ದರೆ ಅರ್ಧಕ್ಕಿಂತ ಜಾಸ್ತಿ ಕೆಲಸ ಆದಂತೆ.

ನನ್ನನ್ನು ಕೇಳಿದರೆ, ಹಳೆ ವಿಂಡೋಸ್ ಮೇಲಿನ ಆಸೆ ಬಿಟ್ಟುಬಿಡಿ. ಫೈಲ್ ತೆಗೆದುಕೊಳ್ಳಿ, ಡ್ರೈವ್ ಖಾಲಿ ಮಾಡಿ, ಹೊಸದಾಗಿ ಇನ್‌ಸ್ಟಾಲ್ ಮಾಡಿ. ಯಾಕೆ ಅಂತ ಮುಂದೆ ಹೇಳುತ್ತೇನೆ.

ನನ್ನದು ಯಾವ ತರಹದ ಎಸ್‌ಎಸ್‌ಡಿ ಅಂತ ಗೊತ್ತಾಗೋದು ಹೇಗೆ?

ಲ್ಯಾಪ್‌ಟಾಪ್‌ಗಳಲ್ಲಿ ಮುಖ್ಯವಾಗಿ ಎರಡು ಆಕಾರ. ಒಂದು, 2.5 ಇಂಚಿನ ಚಪ್ಪಟೆ ಡಬ್ಬಿ. ಹಳೆ ಹಾರ್ಡ್ ಡಿಸ್ಕ್ ಇದ್ದ ಜಾಗಕ್ಕೇ ಕೂರುತ್ತದೆ, ದಪ್ಪ ಸಾಮಾನ್ಯವಾಗಿ 7 ಮಿಲಿಮೀಟರ್. ಇದರಲ್ಲಿ ಗೊಂದಲವೇ ಇಲ್ಲ, ಸಾಟಾ ಡ್ರೈವ್ (ಸಾಟಾ ಅಂದರೆ ಡ್ರೈವ್ ಲ್ಯಾಪ್‌ಟಾಪ್ ಜೊತೆ ಮಾತಾಡುವ ಹಳೆಯ ಪದ್ಧತಿ). ಆ ಕಡೆ 2.5 ಇಂಚಿನ ಜಾಗ ಇದ್ದರೆ ಕೂರುತ್ತದೆ. ಜಾಗ 9.5 ಮಿಲಿಮೀಟರ್ ದಪ್ಪದ್ದಾದರೆ ಅಲುಗಾಡದ ಹಾಗೆ ಒಂದು ಪ್ಲಾಸ್ಟಿಕ್ ಚೌಕಟ್ಟು ಬೇಕಾಗಬಹುದು, ಅಷ್ಟೇ.

ಇನ್ನೊಂದು ಎಂ.2. ಚೂಯಿಂಗ್ ಗಮ್ ಪಟ್ಟಿಯ ಹಾಗೆ ತೆಳ್ಳಗಿರುತ್ತದೆ. ಇದರ ಹೆಸರಲ್ಲೇ ಅಳತೆ ಇದೆ. 2280 ಅಂದರೆ 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ. 2242 ಮತ್ತು 2230 ಗಿಡ್ಡ ತಮ್ಮಂದಿರು.

ಎಡವೋದು ಇಲ್ಲಿಯೇ. ಎಂ.2 ಅನ್ನೋದು ಬರೀ ಆಕಾರದ ಹೆಸರು. ಅದರೊಳಗೆ ಓಡುವ ಭಾಷೆ ಸಾಟಾ ಇರಬಹುದು, ಅದಕ್ಕಿಂತ ವೇಗದ ಎನ್‌ವಿಎಂಇ ಇರಬಹುದು. ಎರಡೂ ನೋಡೋಕೆ ಒಂದೇ ತರಹ. ಚಿನ್ನದ ಬಣ್ಣದ ತುದಿಯಲ್ಲಿ ಎರಡು ಕಚ್ಚು ಇದ್ದರೆ ಹೆಚ್ಚಾಗಿ ಸಾಟಾ, ಒಂದೇ ಕಚ್ಚು ಇದ್ದರೆ ಹೆಚ್ಚಾಗಿ ಎನ್‌ವಿಎಂಇ. ಆದರೆ ಎರಡು ಕಚ್ಚಿನ ಎನ್‌ವಿಎಂಇ ಡ್ರೈವ್‌ಗಳೂ ಇವೆ. ಕಚ್ಚು ನೋಡಿ ಊಹೆ ಮಾಡಿ, ಮೇಲಿನ ಲೇಬಲ್ ಓದಿ ಖಚಿತ ಮಾಡಿಕೊಳ್ಳಿ. ಲೇಬಲ್‌ನಲ್ಲಿ ಬರೀ ಮಾಡೆಲ್ ನಂಬರ್ ಇದ್ದರೆ ಅದನ್ನು ಹುಡುಕಿದರೆ ಸಾಕು.

ಸುಮಾರು ಹತ್ತು ವರ್ಷಕ್ಕಿಂತ ಹಳೆಯ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಎಂಸಾಟಾ ಅನ್ನೋ ಮೂರನೇ ಜಾತಿ ಸಿಗುತ್ತದೆ. ಎಂ.2ಗಿಂತ ಅಗಲ, ಗಿಡ್ಡ. ಅದನ್ನು ಎಂ.2 ಸ್ಲಾಟ್‌ಗೆ ತುರುಕೋಕೆ ಆಗುವುದಿಲ್ಲ. ಕೇಸ್‌ನಲ್ಲಿ ಹಾಕಿ ಯುಎಸ್‌ಬಿ ಡ್ರೈವ್ ಮಾಡಿಕೊಳ್ಳೋದೇ ವಾಸಿ.

ಎಂ.2 ಸ್ಲಾಟ್ ಇದೆ, ಎಂ.2 ಡ್ರೈವ್ ಇದೆ. ಆದರೂ ಕಾಣಿಸ್ತಿಲ್ಲ ಯಾಕೆ?

ಕೆಲವು ಸ್ಲಾಟ್‌ಗಳು ಎನ್‌ವಿಎಂಇ ಮಾತ್ರ ಒಪ್ಪುತ್ತವೆ, ಕೆಲವು ಸಾಟಾ ಮಾತ್ರ, ಕೆಲವು ಎರಡೂ. ಈಚಿನ ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಿನವು ಎನ್‌ವಿಎಂಇಗೆ ಮಾತ್ರ. ಎರಡು ಕಚ್ಚಿನ ಸಾಟಾ ಡ್ರೈವ್ ಅಂಥ ಸ್ಲಾಟ್‌ನಲ್ಲಿ ಚೆಂದವಾಗಿ ಕೂರುತ್ತದೆ, ಸ್ಕ್ರೂ ಕೂಡ ಬೀಳುತ್ತದೆ, ಬಯೋಸ್‌ನಲ್ಲಿ (ವಿಂಡೋಸ್ ಶುರುವಾಗುವ ಮುಂಚಿನ ಸೆಟ್ಟಿಂಗ್ ಪರದೆ) ಮಾತ್ರ ಕಾಣುವುದಿಲ್ಲ. ಡ್ರೈವ್ ಸತ್ತಿಲ್ಲ, ಗಾಬರಿ ಬೇಡ.

ಬಿಚ್ಚದೆ ತಿಳಿಯಬೇಕು ಅಂದರೆ ನಿಮ್ಮ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲ್ ಡೌನ್‌ಲೋಡ್ ಮಾಡಿ. ಎಷ್ಟು ಸ್ಲಾಟ್, ಯಾವ ಉದ್ದ, ಯಾವ ತರಹ ಅಂತ ಅದರಲ್ಲಿ ಇರುತ್ತದೆ. ಒಳಗೆ ಕಾಣುವ ಇನ್ನೊಂದು ಪುಟ್ಟ ಎಂ.2 ಸ್ಲಾಟ್ ವೈಫೈ ಕಾರ್ಡ್‌ನದು. ಅದರ ಕಚ್ಚೇ ಬೇರೆ. ಅಲ್ಲಿ ಒತ್ತಬೇಡಿ.

ತೆಗೆಯೋಕೇ ಬರದ ಎಸ್‌ಎಸ್‌ಡಿಗಳೂ ಇರುತ್ತವಾ?

ಇರುತ್ತವೆ. ಕಡಿಮೆ ಬೆಲೆಯ ಲ್ಯಾಪ್‌ಟಾಪ್‌ಗಳಲ್ಲಿ ಇರುವ ಇಎಂಎಂಸಿ ಸ್ಟೋರೇಜ್ ಬೋರ್ಡ್‌ಗೇ ಬೆಸುಗೆ ಹಾಕಿದ ಚಿಪ್. ಮ್ಯಾಕ್‌ಬುಕ್ ಏರ್‌ನಲ್ಲಿ 2018ರ ಮಾಡೆಲ್‌ನಿಂದ ಈಚೆಗೆ ಸ್ಟೋರೇಜ್ ಬೋರ್ಡ್ ಮೇಲೇ ಇದೆ, ಜೊತೆಗೆ ಎನ್‌ಕ್ರಿಪ್ಷನ್ (ಡೇಟಾಗೆ ಹಾಕುವ ಬೀಗ) ಅದೇ ಬೋರ್ಡ್‌ನ ಚಿಪ್‌ಗೆ ಕಟ್ಟಿಹಾಕಿದ್ದು. ಇಂಥವುಗಳಲ್ಲಿ ಯಂತ್ರ ಓಡುತ್ತಿರುವಾಗಲೇ ಕಾಪಿ ಮಾಡಿಕೊಳ್ಳಬೇಕು, ಬೇರೆ ದಾರಿ ಇಲ್ಲ.

ಬಿಚ್ಚುವ ಮುಂಚೆ ಹಳೆ ಲ್ಯಾಪ್‌ಟಾಪ್‌ನಲ್ಲಿ ಏನೇನು ಮಾಡಬೇಕು?

ಅದಿನ್ನೂ ಆನ್ ಆಗುತ್ತದೆ ಅಂದರೆ ನಿಮ್ಮ ಅದೃಷ್ಟ. ಮೊದಲು ಮುಖ್ಯ ಫೈಲ್‌ಗಳನ್ನು ಬೇರೆ ಕಡೆ ಕಾಪಿ ಮಾಡಿ. "ಡ್ರೈವ್ ನನ್ನ ಕೈಯಲ್ಲೇ ಇರುತ್ತಲ್ಲ, ಬ್ಯಾಕಪ್ ಯಾಕೆ?" ಅಂತ ಎಲ್ಲರೂ ಕೇಳುತ್ತಾರೆ. ಕೈಯಲ್ಲಿರೋದು ಒಂದೇ ಪ್ರತಿ. ಆ ಕೈ ಜಾರಿದರೆ?

ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡ್‌ಗಳನ್ನು ಸಿಂಕ್ ಮಾಡಿ ಅಥವಾ ಎಕ್ಸ್‌ಪೋರ್ಟ್ ಮಾಡಿ. ಆಮೇಲೆ ಪ್ರೊಫೈಲ್ ಫೋಲ್ಡರ್ ಕಾಪಿ ಮಾಡಿದರಾಯ್ತು ಅಂದುಕೊಳ್ಳಬೇಡಿ. ವಿಂಡೋಸ್‌ನಲ್ಲಿ ಕ್ರೋಮ್, ಎಡ್ಜ್ ತರಹದ ಬ್ರೌಸರ್‌ಗಳು ಆ ಪಾಸ್‌ವರ್ಡ್‌ಗಳನ್ನು ನಿಮ್ಮ ಹಳೆ ವಿಂಡೋಸ್ ಖಾತೆಗೆ ಗಂಟು ಹಾಕಿ ಇಟ್ಟಿರುತ್ತವೆ. ಬೇರೆ ವಿಂಡೋಸ್‌ನಲ್ಲಿ ಫೋಲ್ಡರ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ.

ಒನ್‌ಡ್ರೈವ್ ಬಳಸುತ್ತಿದ್ದರೆ ಫೈಲ್ ಪಕ್ಕ ಮೋಡದ ಚಿತ್ರ ಇದೆಯಾ ನೋಡಿ. ಇದ್ದರೆ ಆ ಫೈಲ್ ಡ್ರೈವ್‌ನಲ್ಲಿ ಇಲ್ಲವೇ ಇಲ್ಲ, ಹೆಸರು ಮಾತ್ರ ಇದೆ.

ಕೊನೆಗೆ ಶಿಫ್ಟ್ ಕೀ ಒತ್ತಿ ಹಿಡಿದು ಶಟ್‌ಡೌನ್ ಕ್ಲಿಕ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಸುಮ್ನೆ ಶಟ್‌ಡೌನ್ ಕೊಟ್ಟಾಗ ವಿಂಡೋಸ್ ಪೂರ್ತಿ ಮಲಗುವುದಿಲ್ಲ, ಅರ್ಧ ನಿದ್ದೆಯ ಸ್ಥಿತಿಯನ್ನು ಡಿಸ್ಕ್ ಮೇಲೆ ಬರೆದಿಟ್ಟುಕೊಳ್ಳುತ್ತದೆ. ಆ ಸ್ಥಿತಿಯಲ್ಲಿ ಡ್ರೈವ್ ತೆಗೆದು ಬೇರೆ ಯಂತ್ರಕ್ಕೆ, ಅದರಲ್ಲೂ ಲಿನಕ್ಸ್ ಯಂತ್ರಕ್ಕೆ, ಹಾಕಿದರೆ ಬರೆಯೋಕೆ ಬಿಡದೆ ಸತಾಯಿಸುತ್ತದೆ.

ನಾನು ಬಿಟ್‌ಲಾಕರ್ ಹಾಕೇ ಇಲ್ಲ. ಆದರೂ ಕೀ ಕೇಳ್ತಿದೆಯಲ್ಲ?

ಬಿಟ್‌ಲಾಕರ್ ಅಂದರೆ ಡ್ರೈವ್‌ನ ಡೇಟಾಗೆ ವಿಂಡೋಸ್ ಹಾಕುವ ಬೀಗ. ಈ ಮಾತನ್ನು ನಾನು ಮೊದಲು ಕೇಳಿದ್ದು ನನ್ನ ತಂಗಿಯ ಬಾಯಲ್ಲಿ. ಅವಳ ಲ್ಯಾಪ್‌ಟಾಪ್‌ನ ಬೋರ್ಡ್ ಹೋಗಿತ್ತು. ಡ್ರೈವ್ ತೆಗೆದು ನನ್ನದಕ್ಕೆ ಹಾಕಿದೆ. ನೀಲಿ ಪರದೆ ಬಂತು, 48 ಅಂಕಿಯ ರಿಕವರಿ ಕೀ ಕೊಡಿ ಅಂತು. "ಅಣ್ಣಾ, ದೇವರಾಣೆ ನಾನು ಯಾವ ಪಾಸ್‌ವರ್ಡೂ ಹಾಕಿಲ್ಲ" ಅಂದಳು. ಅವಳು ಹೇಳಿದ್ದು ನಿಜವೇ. ಹಾಕಿದ್ದು ವಿಂಡೋಸ್.

ಈಚಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ ತಕ್ಷಣ ಡಿವೈಸ್ ಎನ್‌ಕ್ರಿಪ್ಷನ್, ಅಂದರೆ ಬಿಟ್‌ಲಾಕರ್‌ನದೇ ಸರಳ ರೂಪ, ತಾನಾಗೇ ಆನ್ ಆಗುತ್ತದೆ. ಹೋಮ್ ಆವೃತ್ತಿಯಲ್ಲೂ ಅಷ್ಟೇ. ಬೀಗದ ಕೈ ಹಳೆ ಬೋರ್ಡ್‌ನ ಟಿಪಿಎಂ ಚಿಪ್ ಹತ್ತಿರ ಇರುವುದರಿಂದ ಆ ಯಂತ್ರದಲ್ಲಿ ನಿಮಗೆ ಗೊತ್ತೇ ಆಗುವುದಿಲ್ಲ. ಡ್ರೈವ್ ಮನೆ ಬದಲಿಸಿದ ಕ್ಷಣ ಕೀ ಬೇಕು ಅನ್ನುತ್ತದೆ.

ಕೀಯ ಒಂದು ಪ್ರತಿ ಆ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಉಳಿದಿರುತ್ತದೆ. ಫೋನ್‌ನಿಂದ ಲಾಗಿನ್ ಆಗಿ ನೋಡಬಹುದು. ನೀಲಿ ಪರದೆಯಲ್ಲಿ ಕೀ ಐಡಿ ಅಂತ ಒಂದು ಸಾಲು ಇರುತ್ತದೆ. ಅಕೌಂಟ್‌ನಲ್ಲಿ ಹಲವು ಕೀಗಳಿದ್ದರೆ ಆ ಐಡಿ ಹೊಂದುವುದನ್ನು ತೆಗೆದುಕೊಳ್ಳಿ. ತಂಗಿಯ ಕೀ ಸಿಕ್ಕಿದ್ದು ಲ್ಯಾಪ್‌ಟಾಪ್ ಸೆಟಪ್ ಮಾಡುವಾಗ ಒಂದೇ ಸಲ ಬಳಸಿ ಮರೆತಿದ್ದ ಇಮೇಲ್‌ನಲ್ಲಿ. ಅದರ ಪಾಸ್‌ವರ್ಡ್ ನೆನಪು ಮಾಡಿಕೊಳ್ಳೋಕೆ ಎರಡು ದಿನ ಹಿಡಿಯಿತು. ಆಫೀಸ್ ಲ್ಯಾಪ್‌ಟಾಪ್ ಆದರೆ ಕೀ ಕಂಪನಿಯ ಐಟಿಯವರ ಹತ್ತಿರ ಇರುತ್ತದೆ. ಕೀ ಎಲ್ಲೂ ಸಿಗಲಿಲ್ಲ ಅಂದರೆ ಡೇಟಾ ಹೋದಂತೆಯೇ. ಡ್ರೈವ್ ಅಳಿಸಿ ಬಳಸಬಹುದು, ಅಷ್ಟೇ.

ಹಳೆ ಲ್ಯಾಪ್‌ಟಾಪ್ ಇನ್ನೂ ಓಡುತ್ತಿದ್ದರೆ ಈ ರಗಳೆಯೇ ಬೇಡ. ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಷನ್ ಆಫ್ ಮಾಡಿ, ಅದು ಪೂರ್ತಿ ಮುಗಿಯುವವರೆಗೆ ಚಾರ್ಜರ್ ಹಾಕಿಟ್ಟು ಕಾಯಿರಿ.

ಹಳೆ ಲ್ಯಾಪ್‌ಟಾಪ್ ಆನ್ ಆಗೋದೇ ಇಲ್ಲ. ಫೈಲ್ ಸಿಗುತ್ತಾ?

ಡ್ರೈವ್ ಚೆನ್ನಾಗಿದ್ದರೆ ಸಿಗುತ್ತದೆ. ಹೊಸ ಲ್ಯಾಪ್‌ಟಾಪ್ ಬಿಚ್ಚುವುದೂ ಬೇಡ. 2.5 ಇಂಚಿನದ್ದಾದರೆ ಸಾಟಾದಿಂದ ಯುಎಸ್‌ಬಿಗೆ ಹೋಗುವ ಕೇಬಲ್ ಸಾಕು. ಎಂ.2 ಆದರೆ ಅದಕ್ಕಂತಲೇ ಪುಟ್ಟ ಕೇಸ್‌ಗಳಿವೆ. ಕೊಳ್ಳುವ ಮುಂಚೆ ಅದು ಸಾಟಾಗೋ, ಎನ್‌ವಿಎಂಇಗೋ, ಎರಡಕ್ಕೂ ಆಗುತ್ತದೋ ಅಂತ ಓದಿ.

ಡ್ರೈವ್ ತೆರೆದಾಗ "ಈ ಫೋಲ್ಡರ್ ನೋಡೋಕೆ ಅನುಮತಿ ಇಲ್ಲ" ಅಂತ ವಿಂಡೋಸ್ ತಡೆಯುತ್ತದೆ. ಕಂಟಿನ್ಯೂ ಒತ್ತಿ, ಸ್ವಲ್ಪ ಹೊತ್ತು ಬಿಡಿ. ನಿಮ್ಮ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಎಲ್ಲ ಯೂಸರ್ಸ್ ಫೋಲ್ಡರ್‌ನೊಳಗೆ ಹಳೆ ಹೆಸರಿನಲ್ಲೇ ಇರುತ್ತವೆ. ಡ್ರೈವ್ ಕಂಡ ಕೂಡಲೇ "ಫಾರ್ಮ್ಯಾಟ್ ಮಾಡಬೇಕಾ?" ಅಂತ ವಿಂಡೋಸ್ ಕೇಳಿದರೆ ಬೇಡ ಅನ್ನಿ. ಆ ಒಂದು ಕ್ಲಿಕ್‌ನಿಂದ ಅತ್ತವರನ್ನು ನೋಡಿದ್ದೇನೆ.

ಬಿಚ್ಚುವಾಗ ಏನು ಹುಷಾರು?

ಚಾರ್ಜರ್ ತೆಗೆಯಿರಿ. ಕೆಳಗಿನ ಮುಚ್ಚಳದ ಸ್ಕ್ರೂಗಳು ಒಂದೇ ಉದ್ದ ಇರುವುದಿಲ್ಲ. ಹಾಳೆಯ ಮೇಲೆ ಲ್ಯಾಪ್‌ಟಾಪ್‌ನ ಚೌಕ ಬರೆದು, ಯಾವ ಸ್ಕ್ರೂ ಎಲ್ಲಿಂದ ಬಂತೋ ಅಲ್ಲಿಗೇ ಟೇಪ್‌ನಿಂದ ಅಂಟಿಸಿ. ಉದ್ದ ಸ್ಕ್ರೂವನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಅದು ಕೀಬೋರ್ಡ್ ಕಡೆ ಮೂತಿ ತೂರಿಸುತ್ತದೆ.

ಎಲ್ಲ ಸ್ಕ್ರೂ ತೆಗೆದರೂ ಮುಚ್ಚಳ ಏಳುತ್ತಿಲ್ಲ ಅಂದರೆ ಬಲ ಹಾಕಬೇಡಿ. ರಬ್ಬರ್ ಪಾದದ ಕೆಳಗೆ ಒಂದು ಅಡಗಿರುತ್ತದೆ. ಮೊದಲ ಸಲ ನನಗೆ ಅದು ಗೊತ್ತಿರಲಿಲ್ಲ. ಚಾಕು ಹಾಕಿ ಮೀಟಿದೆ, "ಟಕ್" ಅಂತ ಎರಡು ಕ್ಲಿಪ್ ಹಾರಿದವು. ಆ ಲ್ಯಾಪ್‌ಟಾಪ್‌ನ ಒಂದು ಮೂಲೆ ಈಗಲೂ ಬಾಯಿ ಬಿಟ್ಟುಕೊಂಡಿದೆ. ಚಾಕು ಬೇಡ, ಹಳೆಯ ಪ್ಲಾಸ್ಟಿಕ್ ಕಾರ್ಡ್ ತೆಗೆದುಕೊಳ್ಳಿ.

ಮುಚ್ಚಳ ಬಂದ ಮೇಲೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ತೆಗೆಯೋದು. ವೈರ್ ಹಿಡಿದು ಎಳೆಯಬೇಡಿ, ಕನೆಕ್ಟರ್‌ನ ಅಂಚಿನಿಂದ ನಿಧಾನಕ್ಕೆ ಸರಿಸಿ. ಒಳಗಿನ ಯಾವುದಾದರೂ ಲೋಹದ ಭಾಗ ಮುಟ್ಟಿ ಮೈಯಲ್ಲಿರುವ ಸ್ಥಿರ ವಿದ್ಯುತ್ ಕಳೆದುಕೊಳ್ಳಿ.

ಎಂ.2 ಡ್ರೈವ್‌ನ ಒಂದೇ ಒಂದು ಸ್ಕ್ರೂ ತೆಗೆದ ಕೂಡಲೇ ಅದರ ಆ ತುದಿ ತಾನಾಗೇ ಸ್ಪ್ರಿಂಗ್‌ನ ಹಾಗೆ ಮೇಲೇಳುತ್ತದೆ. ಮೊದಲ ಸಲ ನೋಡಿದವರು ಮುರಿಯಿತು ಅಂತ ಹೆದರುತ್ತಾರೆ. ಅದರ ಸ್ವಭಾವವೇ ಹಾಗೆ. ಸುಮಾರು 30 ಡಿಗ್ರಿ ಓರೆಯಲ್ಲಿ ನಿಂತಿರುವ ಆ ಪಟ್ಟಿಯನ್ನು ಅದೇ ಓರೆಯಲ್ಲಿ ಹಿಂದಕ್ಕೆ ಎಳೆಯಿರಿ. ಹಾಕುವಾಗಲೂ ಅದೇ ಓರೆಯಲ್ಲಿ ತಳ್ಳಿ, ಆಮೇಲೆ ತುದಿ ಒತ್ತಿ ಹಿಡಿದು ಸ್ಕ್ರೂ ಹಾಕಿ. ಚಿನ್ನದ ಬಣ್ಣದ ತುದಿ ಸ್ವಲ್ಪ ಜಾಸ್ತಿ ಹೊರಗೆ ಕಾಣುತ್ತಿದ್ದರೆ ಪೂರ್ತಿ ಕೂತಿಲ್ಲ ಅಂತ ಅರ್ಥ.

ಹಳೆ ವಿಂಡೋಸ್ ಹೊಸ ಲ್ಯಾಪ್‌ಟಾಪ್‌ನಲ್ಲಿ ಹಾಗೇ ಬೂಟ್ ಆಗುತ್ತಾ?

ವಿಂಡೋಸ್ 10 ಮತ್ತು 11 ಆದರೆ ಎಷ್ಟೋ ಸಲ ಆಗುತ್ತದೆ. ಮೊದಲ ಬೂಟ್‌ನಲ್ಲಿ ಹೊಸ ಯಂತ್ರಾಂಶಕ್ಕೆ ಹೊಂದಿಕೊಳ್ಳುತ್ತಾ ಕೆಲವು ನಿಮಿಷ ತೆಗೆದುಕೊಳ್ಳುತ್ತದೆ, ಒಂದೆರಡು ಸಲ ರೀಸ್ಟಾರ್ಟ್ ಆಗುತ್ತದೆ, ಆಮೇಲೆ ನಿಮ್ಮ ಹಳೆ ಡೆಸ್ಕ್‌ಟಾಪ್ ಎದುರಿಗೆ.

ಹಾಗಿದ್ದರೂ ನಾನು ಬೇಡ ಅನ್ನುವುದು ಯಾಕೆ ಅಂದರೆ, ಹಳೆ ಲ್ಯಾಪ್‌ಟಾಪ್‌ನ ಡ್ರೈವರ್‌ಗಳು (ಯಂತ್ರದ ಭಾಗಗಳನ್ನು ಓಡಿಸುವ ಸಾಫ್ಟ್‌ವೇರ್), ಆ ಕಂಪನಿಯ ಸಣ್ಣಪುಟ್ಟ ಸಾಫ್ಟ್‌ವೇರ್‌ಗಳು ಎಲ್ಲ ಒಳಗೇ ಉಳಿದುಕೊಂಡಿರುತ್ತವೆ. ಮೊದಲ ದಿನ ಚೆನ್ನಾಗಿರುತ್ತದೆ. ಮೂರನೇ ವಾರ ಸ್ಲೀಪ್‌ನಿಂದ ಏಳುವುದಿಲ್ಲ, ಟಚ್‌ಪ್ಯಾಡ್ ಸನ್ನೆ ಕೆಲಸ ಮಾಡುವುದಿಲ್ಲ, ಬ್ಯಾಟರಿ ಬೇಗ ಇಳಿಯುತ್ತದೆ. ಯಾವುದರಿಂದ ಅಂತ ಹುಡುಕೋದಕ್ಕಿಂತ ಹೊಸದಾಗಿ ಹಾಕೋದು ಸಲೀಸು.

ಇನ್ನೊಂದು ಮಾತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಳೆ ಡ್ರೈವ್‌ನಲ್ಲಿ ಅದೇ ಇದ್ದರೆ ಅದನ್ನು ಹೊತ್ತು ತಿರುಗುವುದರಲ್ಲಿ ಅರ್ಥ ಇಲ್ಲ.

ಬಯೋಸ್‌ನಲ್ಲಿ ಡ್ರೈವ್ ಕಾಣುತ್ತೆ, ಬೂಟ್ ಮಾತ್ರ ಆಗಲ್ಲ. ಯಾಕೆ?

ಎರಡು ಕಾರಣ ಹೆಚ್ಚಾಗಿ ಕಂಡಿದ್ದೇನೆ.

ಡ್ರೈವ್ ಅನ್ನು ಭಾಗ ಮಾಡಿರುವುದು ಹಳೆ ಕಾಲದ ಎಂಬಿಆರ್ ಪದ್ಧತಿಯಲ್ಲಿ ಇರಬಹುದು. ಹೊಸ ಲ್ಯಾಪ್‌ಟಾಪ್‌ಗಳು ಹೆಚ್ಚಾಗಿ ಯುಇಎಫ್‌ಐನಲ್ಲಿ (ಬಯೋಸ್‌ನ ಹೊಸ ರೂಪ) ಮಾತ್ರ ಬೂಟ್ ಆಗುತ್ತವೆ, ಅವಕ್ಕೆ ಜಿಪಿಟಿ ಅನ್ನೋ ಹೊಸ ಪದ್ಧತಿ ಬೇಕು. ಹಳೆ ಲೆಗಸಿ ಮೋಡ್‌ನ ಆಯ್ಕೆಯೇ ಅನೇಕದರಲ್ಲಿ ಇಲ್ಲ. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್‌2ಜಿಪಿಟಿ ಅನ್ನೋ ಸಾಧನ ಒಳಗೇ ಬರುತ್ತದೆ, ಫೈಲ್ ಅಳಿಸದೆ ಬದಲಿಸುತ್ತದೆ. ಮೂರಕ್ಕಿಂತ ಜಾಸ್ತಿ ಪ್ರೈಮರಿ ಪಾರ್ಟಿಷನ್ (ಡ್ರೈವ್‌ನ ಮುಖ್ಯ ಭಾಗ) ಇದ್ದರೆ ಮಾತ್ರ ಒಪ್ಪುವುದಿಲ್ಲ. ಬ್ಯಾಕಪ್ ಇಲ್ಲದೆ ಇದಕ್ಕೆ ಕೈ ಹಾಕಬೇಡಿ.

ಎರಡನೆಯದು ಸ್ಟೋರೇಜ್ ಕಂಟ್ರೋಲರ್‌ನ ಮೋಡ್, ಅಂದರೆ ಲ್ಯಾಪ್‌ಟಾಪ್ ಡ್ರೈವ್ ಅನ್ನು ನಿಭಾಯಿಸುವ ರೀತಿ. "ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್" ಅಂತ ನೀಲಿ ಪರದೆ ಬಂದರೆ ಮೊದಲ ಅನುಮಾನ ಇದರ ಮೇಲೇ. ಹಳೆಯದು ಎಎಚ್‌ಸಿಐ ಮೋಡ್‌ನಲ್ಲಿತ್ತು, ಹೊಸದರಲ್ಲಿ ಇಂಟೆಲ್‌ನ ಆರ್‌ಎಸ್‌ಟಿ ಅಥವಾ ವಿಎಂಡಿ ಆನ್ ಇದೆ, ಅಥವಾ ಅದರ ಉಲ್ಟಾ. ಬಯೋಸ್‌ನಲ್ಲಿ ಎರಡೂ ಹೊಂದುವ ಹಾಗೆ ಮಾಡಿ ನೋಡಿ. ಆದರೆ ಅದೇ ಲ್ಯಾಪ್‌ಟಾಪ್‌ನಲ್ಲಿ ಇನ್ನೊಂದು ಡ್ರೈವ್‌ನಲ್ಲಿ ಮೊದಲೇ ವಿಂಡೋಸ್ ಓಡುತ್ತಿದ್ದರೆ ಹುಷಾರು. ಮೋಡ್ ಬದಲಿಸಿದ ಕೂಡಲೇ ಅದು ಬೂಟ್ ಆಗುವುದು ನಿಲ್ಲಬಹುದು. ಹಿಂದಿನ ಸೆಟ್ಟಿಂಗ್‌ಗೆ ಮರಳಿದರೆ ಸರಿಹೋಗುತ್ತದೆ. ಬದಲಿಸುವ ಮುಂಚೆ ಪರದೆಯ ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸದಾಗಿ ಇನ್‌ಸ್ಟಾಲ್ ಮಾಡುವಾಗ "ಯಾವ ಡ್ರೈವೂ ಇಲ್ಲ" ಅಂತ ಬಂದರೂ ಕಾರಣ ಹೆಚ್ಚಾಗಿ ಇದೇ ವಿಎಂಡಿ. 11ನೇ ತಲೆಮಾರಿನಿಂದ ಈಚಿನ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಿ ಇದು ಮಾಮೂಲು. ಲ್ಯಾಪ್‌ಟಾಪ್ ಕಂಪನಿಯ ಸೈಟ್‌ನಿಂದ ಆರ್‌ಎಸ್‌ಟಿ ಡ್ರೈವರ್ ಪೆನ್‌ಡ್ರೈವ್‌ಗೆ ಹಾಕಿಕೊಂಡು, ಇನ್‌ಸ್ಟಾಲ್ ಪರದೆಯಲ್ಲಿ ಲೋಡ್ ಡ್ರೈವರ್ ಕೊಡಿ.

ವಿಂಡೋಸ್ ಲೈಸೆನ್ಸ್ ಡ್ರೈವ್ ಜೊತೆ ಬರುತ್ತಾ?

ಲ್ಯಾಪ್‌ಟಾಪ್ ಜೊತೆ ಬಂದ ಲೈಸೆನ್ಸ್ ಆ ಬೋರ್ಡ್‌ಗೆ ಅಂಟಿದ್ದು, ಬರುವುದಿಲ್ಲ. ಪ್ರತ್ಯೇಕವಾಗಿ ಕೊಂಡ ರೀಟೇಲ್ ಲೈಸೆನ್ಸ್ ಆದರೆ ವರ್ಗಾಯಿಸಬಹುದು. ಹೊಸ ಲ್ಯಾಪ್‌ಟಾಪ್ ವಿಂಡೋಸ್ ಜೊತೆಗೇ ಬಂದಿದ್ದರೆ ಚಿಂತೆ ಇಲ್ಲ, ಅದರ ಕೀ ಅದರ ಫರ್ಮ್‌ವೇರ್‌ನಲ್ಲಿದೆ. ಅದೇ ಆವೃತ್ತಿ ಹಾಕಿದರೆ ತಾನಾಗೇ ಆಕ್ಟಿವೇಟ್ ಆಗುತ್ತದೆ. ಹೋಮ್ ಇದ್ದದ್ದಕ್ಕೆ ಪ್ರೊ ಹಾಕಿದರೆ ಆಗುವುದಿಲ್ಲ.

ಲಿನಕ್ಸ್ ಇರುವ ಡ್ರೈವ್ ಆದರೆ?

ಇದರ ಹಾಗೆ ಸುಲಭ ಇನ್ನೊಂದಿಲ್ಲ. ಹೆಚ್ಚಿನ ಡ್ರೈವರ್‌ಗಳು ಕರ್ನಲ್ (ಲಿನಕ್ಸ್‌ನ ತಿರುಳು) ಜೊತೆಗೇ ಇರುವುದರಿಂದ ಹಾಕಿದ ಕೂಡಲೇ ಎದ್ದು ಕೂರುತ್ತದೆ. ತೊಡಕು ಎರಡೇ ಕಡೆ. ಒಂದು, ಬೂಟ್ ನಮೂದು ಹಳೆ ಬೋರ್ಡ್‌ನ ನೆನಪಿನಲ್ಲಿ ಉಳಿದುಬಿಟ್ಟಿರುತ್ತದೆ. ಹೊಸದರ ಬಯೋಸ್‌ನಲ್ಲಿ ಬೂಟ್ ಆಯ್ಕೆ ಸೇರಿಸಿ ಇಎಫ್‌ಐ ಪಾರ್ಟಿಷನ್‌ನಲ್ಲಿರುವ ಗ್ರಬ್ ಫೈಲ್ (ಲಿನಕ್ಸ್ ಅನ್ನು ಬೂಟ್ ಮಾಡಿಸುವುದು) ತೋರಿಸಿ. ಇನ್ನೊಂದು, ಹಳೆಯದರಲ್ಲಿ ಎನ್‌ವಿಡಿಯಾ ಗ್ರಾಫಿಕ್ಸ್ ಡ್ರೈವರ್ ಹಾಕಿಕೊಂಡಿದ್ದರೆ ತೆಗೆಯುವ ಮುಂಚೆಯೇ ಅದನ್ನು ಅನ್‌ಇನ್‌ಸ್ಟಾಲ್ ಮಾಡಿ.

ಎರಡನೇ ಡ್ರೈವ್ ಆಗಿ ಹಾಕಿಕೊಂಡರೆ?

ಎರಡನೇ ಸ್ಲಾಟ್ ಇದ್ದರೆ ನನಗೆ ಇಷ್ಟದ ದಾರಿ ಇದೇ. ಫೈಲ್ ಎಲ್ಲ ಕಾಪಿ ಆಗಿ, ಒಂದೆರಡು ವಾರ ಏನೂ ಬಿಟ್ಟುಹೋಗಿಲ್ಲ ಅಂತ ಖಾತ್ರಿ ಆದ ಮೇಲೆ ಹಳೆಯದನ್ನು ಫಾರ್ಮ್ಯಾಟ್ ಮಾಡಿ. ಅಲ್ಲಿಯವರೆಗೆ ಬಯೋಸ್‌ನ ಬೂಟ್ ಕ್ರಮದಲ್ಲಿ ಹೊಸ ಡ್ರೈವ್ ಮೊದಲಿರಲಿ.

ಅಷ್ಟು ಹಳೆ ಎಸ್‌ಎಸ್‌ಡಿ ನಂಬಬಹುದಾ?

ಕ್ರಿಸ್ಟಲ್‌ಡಿಸ್ಕ್‌ಇನ್ಫೊ ತರಹದ ಸಾಫ್ಟ್‌ವೇರ್‌ನಲ್ಲಿ ಆರೋಗ್ಯ ಎಷ್ಟು ಪರ್ಸೆಂಟ್ ಇದೆ, ಒಟ್ಟು ಎಷ್ಟು ಬರೆದಿದೆ ನೋಡಿ. ಬರವಣಿಗೆಯ ಮಿತಿ ಅಂತ ಹೆದರುವವರು ಜಾಸ್ತಿ. ಲೆಕ್ಕ ಹಾಕಿ ನೋಡೋಣ. ಸ್ಯಾಮ್‌ಸಂಗ್ 860 ಇವೊ 500 ಜಿಬಿಗೆ ಕಂಪನಿ ಹೇಳಿದ ಮಿತಿ 300 ಟೆರಾಬೈಟ್. ದಿನಕ್ಕೆ 20 ಜಿಬಿ ಬರೆದರೂ ವರ್ಷಕ್ಕೆ 7.3 ಟೆರಾಬೈಟ್. ಮಿತಿ ಮುಟ್ಟೋಕೆ ನಲವತ್ತು ವರ್ಷದ ಮೇಲೆ. ಅಷ್ಟರಲ್ಲಿ ಅದನ್ನು ಹಾಕೋಕೆ ಸ್ಲಾಟೇ ಇರುವುದಿಲ್ಲ. ಎಸ್‌ಎಸ್‌ಡಿ ಸಾಯೋದು ಹೆಚ್ಚಾಗಿ ಕಂಟ್ರೋಲರ್ ಕೈಕೊಟ್ಟು, ಅದೂ ಮುನ್ಸೂಚನೆ ಇಲ್ಲದೆ. ಅದಕ್ಕೇ ಬ್ಯಾಕಪ್ ಬ್ಯಾಕಪ್ ಅಂತ ಬಡಿದುಕೊಳ್ಳೋದು.

ವೇಗದ ವಿಷಯ: ಸಾಟಾ ಡ್ರೈವ್ ಸೆಕೆಂಡಿಗೆ ಸುಮಾರು 550 ಎಂಬಿ ಹತ್ತಿರ ನಿಲ್ಲುತ್ತದೆ. ಒಳ್ಳೆಯ ಮೂರನೇ ತಲೆಮಾರಿನ ಎನ್‌ವಿಎಂಇ 3,500 ಎಂಬಿವರೆಗೆ ಓದುತ್ತದೆ. ಬ್ರೌಸರ್, ಬರವಣಿಗೆ, ಸಿನಿಮಾ ಅಷ್ಟೇ ಆದರೆ ಈ ವ್ಯತ್ಯಾಸ ಕಣ್ಣಿಗೆ ಬೀಳುವುದೇ ಕಷ್ಟ.

ಸದ್ಯಕ್ಕೆ ಬೇಡ, ಡ್ರಾಯರ್‌ನಲ್ಲಿ ಇಟ್ಟಿರಲಾ?

ಫೋಟೊಗಳ ಒಂದೇ ಪ್ರತಿ ಅದರಲ್ಲಿದ್ದರೆ ಬೇಡ. ಎಸ್‌ಎಸ್‌ಡಿ ಡೇಟಾವನ್ನು ವಿದ್ಯುತ್ ಆವೇಶದ ರೂಪದಲ್ಲಿ ಹಿಡಿದಿಡುತ್ತದೆ, ಅದು ನಿಧಾನಕ್ಕೆ ಸೋರುತ್ತದೆ. ಬರೆಯುವ ಆಯಸ್ಸು ಪೂರ್ತಿ ಮುಗಿದ ಡ್ರೈವ್ ಕರೆಂಟ್ ಇಲ್ಲದೆ 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು ಅನ್ನೋದು ಜೆಡೆಕ್ (ಚಿಪ್‌ಗಳ ಮಾನದಂಡ ರೂಪಿಸುವ ಸಂಸ್ಥೆ) ಮಾನದಂಡ. ಕಡಿಮೆ ಬಳಸಿದ್ದು ಇನ್ನೂ ಜಾಸ್ತಿ ಕಾಲ ತಡೆಯುತ್ತದೆ. ಬಿಸಿ ಜಾಗದಲ್ಲಿ ಇಟ್ಟರೆ ಬೇಗ ಸೋರುತ್ತದೆ.

ಬೇರೆಯವರಿಗೆ ಕೊಡುವ ಮುಂಚೆ ಅಳಿಸೋದು ಹೇಗೆ?

ಕ್ವಿಕ್ ಫಾರ್ಮ್ಯಾಟ್ ಒಂದನ್ನೇ ನಂಬಬೇಡಿ. ಹಾರ್ಡ್ ಡಿಸ್ಕ್ ಕಾಲದ ಹಾಗೆ ಮೇಲಿಂದ ಮೇಲೆ ಸೊನ್ನೆ ಬರೆಯೋದೂ ಇಲ್ಲಿ ಸರಿಯಾದ ದಾರಿ ಅಲ್ಲ. ಎಸ್‌ಎಸ್‌ಡಿ ತನ್ನೊಳಗೆ ಜಾಗ ಬದಲಿಸುತ್ತಾ ಬರೆಯುವುದರಿಂದ ಹಳೆ ತುಣುಕುಗಳು ಮೂಲೆಯಲ್ಲಿ ಉಳಿಯಬಹುದು. ಡ್ರೈವ್ ತಯಾರಕರ ಸಾಫ್ಟ್‌ವೇರ್‌ನಲ್ಲಿ ಅಥವಾ ಬಯೋಸ್‌ನಲ್ಲಿ ಸೆಕ್ಯೂರ್ ಇರೇಸ್ ಇದ್ದರೆ ಅದನ್ನು ಬಳಸಿ. ಕೆಲವು ಕ್ಷಣದಿಂದ ಕೆಲವು ನಿಮಿಷದೊಳಗೆ ಸಾಮಾನ್ಯವಾಗಿ ಮುಗಿಯುತ್ತದೆ. ಅಳಿಸುತ್ತಿರೋದು ಸರಿಯಾದ ಡ್ರೈವಾ ಅಂತ ಎರಡು ಸಲ ನೋಡಿ. ಬೇರೆ ಡ್ರೈವ್ ಕಳಚಿಟ್ಟು ಮಾಡಿದರೆ ಇನ್ನೂ ನೆಮ್ಮದಿ.

ಎಂ.2 ಸ್ಕ್ರೂ ಕಳೆದುಹೋಯ್ತು. ಟೇಪ್ ಹಾಕಲಾ?

ಬೇಡ. ಡ್ರೈವ್ ಬಿಸಿಯಾದಾಗ ಅಂಟು ಕರಗಿ ತುದಿ ಮತ್ತೆ ಮೇಲೇಳುತ್ತದೆ. ಹಳೆ ಲ್ಯಾಪ್‌ಟಾಪ್‌ನ ಸ್ಕ್ರೂ ಬಹಳ ಸಲ ಹೊಸದಕ್ಕೂ ಹೊಂದುತ್ತದೆ, ಎರಡೂ ಕಡೆ ಸಾಮಾನ್ಯವಾಗಿ 2 ಮಿಲಿಮೀಟರ್ ದಪ್ಪದ್ದೇ. ಹೊಸದರ ಖಾಲಿ ಸ್ಲಾಟ್ ಹತ್ತಿರವೂ ಒಂದು ಸಲ ಕಣ್ಣಾಡಿಸಿ. ಕೆಲವು ಕಂಪನಿಗಳು ಅಲ್ಲೇ ಬೋರ್ಡ್ ಮೇಲೆ ಒಂದು ಸ್ಕ್ರೂ ಮೊದಲೇ ತಿರುಗಿಸಿಟ್ಟಿರುತ್ತವೆ.